'ಫಾರ್' ಎಂದರೆ ಯಾವಾಗಲೂ ದೂರವಲ್ಲ

ಇಂಗ್ಲಿಷ್ ಕಲಿಯಲು ಹೊರಟವರಿಗೆ ಮೊದಲ ಒಂದೆರಡು ವರ್ಷಗಳಲ್ಲೇ ಸಿಗುವ ಪದಗಳಲ್ಲಿ 'ಫಾರ್' ಒಂದು. ಎಫ್, ಎ, ಆರ್ ಎಂಬ ಮೂರೇ ಅಕ್ಷರ, ಎದುರಿಗೆ 'ದೂರ' ಎಂಬ ಒಂದೇ ಅರ್ಥ, ಅದರ ವಿರುದ್ಧಪದ 'ನಿಯರ್'. ಅಲ್ಲಿಗೆ ಪಾಠ ಮುಗಿಯುತ್ತದೆ. ಕನ್ನಡ ಲಿಪಿಯಲ್ಲಿ ಬರೆದಾಗ 'ಗಾಗಿ' ಎಂಬರ್ಥದ ಇನ್ನೊಂದು 'ಫಾರ್' ಕೂಡ ಹೀಗೆಯೇ ಕಾಣುತ್ತದೆ, ಆದರೆ ಈ ಲೇಖನದಲ್ಲಿ ಅದರ ಮಾತಿಲ್ಲ. ಒಂದು ಸಾಲಿನ ಆ ಪಾಠವನ್ನು ನಂಬಿಕೊಂಡು ದೂರದ ಹಳ್ಳಿಯೊಂದನ್ನು 'ಎ ಫಾರ್ ವಿಲೇಜ್' ಎಂದು ಬರೆದರೆ, ಇಂಗ್ಲಿಷ್ ಮನೆಮಾತಾಗಿರುವವರ ಕಿವಿಗೆ ಅದು ಒಡನೆಯೇ ಒರಟಾಗಿ ಕೇಳಿಸುತ್ತದೆ. ಅದೇ ಜನ ಇಪ್ಪತ್ತು ಅಡಿ ಅಗಲದ ಬೀದಿಯ ಎದುರು ಬದಿಯನ್ನು ಯಾವ ಅಳುಕೂ ಇಲ್ಲದೆ 'ದಿ ಫಾರ್ ಸೈಡ್ ಆಫ್ ದಿ ಸ್ಟ್ರೀಟ್' ಎನ್ನುತ್ತಾರೆ. ಇನ್ನೂರು ಮೈಲಿ ಆಚೆಗಿರುವ ಹಳ್ಳಿಗೆ ಒಗ್ಗದ ವಿಶೇಷಣ ಇಪ್ಪತ್ತು ಅಡಿ ಆಚೆಗಿರುವ ಕಾಲುದಾರಿಗೆ ಒಗ್ಗುವುದಾದರೆ, ಆ ಪದ ಅಳೆಯುತ್ತಿರುವುದು ನಾವು ತಿಳಿದುಕೊಂಡ ದೂರವನ್ನಲ್ಲ ಎಂದಾಯಿತು.

ತೊಡಕಿನ ಒಂದು ತುದಿ ಕನ್ನಡದಲ್ಲೇ ಇದೆ. ನಮ್ಮ 'ದೂರ' ಮೂಲತಃ ನಾಮಪದದಂತೆ ನಡೆದುಕೊಳ್ಳುವ ಪದ. 'ದೊಡ್ಡ ಊರು', 'ಹೊಸ ಊರು' ಎಂದಂತೆ 'ದೂರ ಊರು' ಎಂದು ಬರೆಯಲು ಬರುವುದಿಲ್ಲ. 'ದೂರದ ಊರು' ಎಂದು ಷಷ್ಠಿ ವಿಭಕ್ತಿಯನ್ನು ಹಚ್ಚಬೇಕು. ದೂರವನ್ನು ಅಳೆಯಬಹುದು, ಕ್ರಮಿಸಬಹುದು, ಕಡಿಮೆ ಮಾಡಬಹುದು, ಬೇಕೆಂದರೆ ಇಬ್ಬರ ನಡುವೆ ಅದನ್ನು ತಂದಿಡಲೂಬಹುದು. ಇಷ್ಟೆಲ್ಲ ಕೆಲಸವನ್ನು ಒಂದೇ ಪದ ಮಾಡುವುದರಿಂದ, ಇಂಗ್ಲಿಷ್ ಅದೇ ಕೆಲಸವನ್ನು ನಾಲ್ಕೈದು ಪದಗಳಿಗೆ ಹಂಚಿಕೊಟ್ಟಿದೆ ಎಂಬುದು ನಮ್ಮ ಗಮನಕ್ಕೆ ಬರುವುದು ತಡವಾಗಿ. 'ಡಿಸ್ಟೆನ್ಸ್' ನಾಮಪದ, 'ಡಿಸ್ಟೆಂಟ್', 'ರಿಮೋಟ್', 'ಫಾರ್‌ಅವೇ' ವಿಶೇಷಣಗಳು, 'ಅವೇ' ಕ್ರಿಯಾವಿಶೇಷಣ. 'ಫಾರ್' ಇವುಗಳಲ್ಲಿ ಅತ್ಯಂತ ಚಿಕ್ಕದು, ಅತ್ಯಂತ ಹಳೆಯದು, ನನ್ನ ಲೆಕ್ಕದಲ್ಲಿ ಅತ್ಯಂತ ಮೋಸದ್ದೂ ಹೌದು.

ನಾಮಪದವೊಂದರ ಹಿಂದೆ ಬಂದು ಕೂತಾಗ 'ಫಾರ್' ಸಾಮಾನ್ಯವಾಗಿ ಹೇಳುವುದು 'ದೂರದ' ಎಂದಲ್ಲ, 'ಆಚೆಯ' ಎಂದು. ಕೋಣೆಗೆ ಕಾಲಿಟ್ಟವರ ಎದುರಿಗಿರುವ ಗೋಡೆ 'ದಿ ಫಾರ್ ವಾಲ್'. ಅದು ಹತ್ತು ಹೆಜ್ಜೆಯಲ್ಲಿ ಸಿಗುತ್ತದೆ. ಉದ್ದ ಮೇಜಿನ ಒಂದು ತುದಿಯಲ್ಲಿ ಕುಳಿತವರಿಗೆ ಇನ್ನೊಂದು ತುದಿ 'ದಿ ಫಾರ್ ಎಂಡ್', ಎದ್ದುಹೋಗಿ ಅಲ್ಲಿ ಕುಳಿತರೆ ಈ ಮೊದಲು ಕುಳಿತಿದ್ದದ್ದೇ 'ಫಾರ್ ಎಂಡ್'. ಅಂದರೆ ಈ ಪದಕ್ಕೆ ಮೂರು ಸಂಗತಿಗಳು ಬೇಕು: ನೋಡುವವರು ನಿಂತ ಒಂದು ಜಾಗ, ಎರಡು ಬದಿ ಅಥವಾ ಎರಡು ತುದಿಗಳಿರುವ ಒಂದು ವಸ್ತು, ಆ ಎರಡರಲ್ಲಿ ನೋಡುವವರಿಂದ ಹೆಚ್ಚು ಆಚೆಗಿರುವ ಒಂದರ ಆಯ್ಕೆ. ದೂರ ಎಷ್ಟು ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಈ ಬಳಕೆಯಲ್ಲಿ 'ಫಾರ್' ಹಿಂದೆ ಸಾಮಾನ್ಯವಾಗಿ 'ದಿ' ಬರುವುದಕ್ಕೂ ಇದೇ ಕಾರಣ, ಎರಡರಲ್ಲಿ ಯಾವುದು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. 'ಎ ಫಾರ್ ವಿಲೇಜ್' ಒಗ್ಗದಿರುವುದೂ ಹೀಗಾಗಿಯೇ, ಹಳ್ಳಿಗೆ ಜೋಡಿಯಿಲ್ಲ. ಬೆಟ್ಟವೊಂದರ ಈ ಮಗ್ಗುಲಲ್ಲೊಂದು, ಆ ಮಗ್ಗುಲಲ್ಲೊಂದು ಎಂದು ಎರಡೇ ಹಳ್ಳಿಗಳಿದ್ದು, ಮಾತು ಅವೆರಡರ ಬಗ್ಗೆಯೇ ನಡೆಯುತ್ತಿದ್ದರೆ 'ದಿ ಫಾರ್ ವಿಲೇಜ್' ಎಂದು ಹೇಳಲು ಅಡ್ಡಿಯೇನಿಲ್ಲ.

ಹಿಂದೊಮ್ಮೆ ಅನುವಾದ ಮಾಡುತ್ತಿದ್ದಾಗ ನಾನೇ ಈ ಗುಂಡಿಗೆ ಬಿದ್ದಿದ್ದೇನೆ. ಮೂಲದಲ್ಲಿ ಒಬ್ಬ ಹುಡುಗ ಹಳ್ಳವೊಂದನ್ನು ಜಿಗಿದು ದಾಟಿ ಅದರ 'ಫಾರ್ ಬ್ಯಾಂಕ್' ಮೇಲೆ ಕೂರುತ್ತಾನೆ. ನಾನು 'ದೂರದ ದಡದಲ್ಲಿ ಕುಳಿತ' ಎಂದು ಬರೆದಿದ್ದೆ. ಕರಡನ್ನು ಓದಿದವರು ಕೇಳಿದ್ದು ಒಂದೇ ಪ್ರಶ್ನೆ: ಜಿಗಿಯುವಷ್ಟು ಕಿರಿದಾದ ಹಳ್ಳದ ದಡ ದೂರ ಹೇಗಾಯಿತು? 'ಆಚೆ ದಡ' ಎಂದು ತಿದ್ದಿದ ಕೂಡಲೇ ವಾಕ್ಯ ಸರಿಹೋಯಿತು. ಕನ್ನಡದಲ್ಲಿ ಇದಕ್ಕೆ ಪದವಿಲ್ಲ ಎನ್ನುವ ಹಾಗೇ ಇಲ್ಲ. 'ಆ', 'ಈ' ಎಂಬ ನಿರ್ದೇಶಕ ಸ್ವರಗಳ ಮೇಲೆಯೇ ಕಟ್ಟಿದ ಆಚೆ–ಈಚೆ ಜೋಡಿ ಫಾರ್–ನಿಯರ್ ಜೋಡಿಯ ಈ ಅರ್ಥಕ್ಕೆ ಅಳತೆ ತೆಗೆದು ಹೊಲಿದಂತಿದೆ. ಒಂದೇ ಎಚ್ಚರ ಬೇಕಾದದ್ದು, ಕೆಲವೆಡೆ ಆಡುಮಾತಿನಲ್ಲಿ 'ಆಚೆ' ಎಂದರೆ 'ಹೊರಗೆ' ಎಂದೂ ಆಗುತ್ತದೆ. ಹಾಗಾಗಿ 'ಕೋಣೆಯ ಆಚೆ' ಎಂದು ಬಿಟ್ಟರೆ ಸಾಲದು, 'ಕೋಣೆಯ ಆಚೆ ಗೋಡೆ', 'ಕೋಣೆಯ ಆಚೆ ತುದಿ' ಎಂದು ನಾಮಪದವನ್ನು ಕೂಡಿಸಿಯೇ ಹೇಳಬೇಕಾಗುತ್ತದೆ.

ಫುಟ್‌ಬಾಲ್ ಪಂದ್ಯದ ವೀಕ್ಷಕ ವಿವರಣೆಯನ್ನು ಕಿವಿಗೊಟ್ಟು ಕೇಳಿದವರಿಗೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಗೋಲಿನ ಎರಡು ಕಂಬಗಳ ನಡುವಿನ ಅಂತರ 7.32 ಮೀಟರ್. ಎಡ ಮೂಲೆಯಿಂದ ಕಾರ್ನರ್ ಒದೆಯುವಾಗ ಎಡಗಂಬ 'ನಿಯರ್ ಪೋಸ್ಟ್', ಬಲಗಂಬ 'ಫಾರ್ ಪೋಸ್ಟ್'. ಎರಡು ನಿಮಿಷ ಕಳೆದು ಚೆಂಡು ಬಲ ಮೂಲೆಗೆ ಹೋಗಿ ಅಲ್ಲಿಂದ ಕಾರ್ನರ್ ಸಿಕ್ಕಿತೆನ್ನಿ, ಕಂಬಗಳು ಕದಲದಿದ್ದರೂ ಅವುಗಳ ಹೆಸರು ಅದಲುಬದಲಾಗುತ್ತದೆ. 68 ಮೀಟರ್ ಅಗಲದ ಮೈದಾನದಲ್ಲಿ ಮೂಲೆಯಿಂದ ಹತ್ತಿರದ ಕಂಬಕ್ಕೆ ಸುಮಾರು 30 ಮೀಟರ್, ಇನ್ನೊಂದಕ್ಕೆ ಸುಮಾರು 38 ಮೀಟರ್. 30 ಮೀಟರ್ 'ನಿಯರ್' ಆಗಿ 38 ಮೀಟರ್ 'ಫಾರ್' ಆಗುವುದು ಅಳತೆಯಿಂದಲ್ಲ, ಹೋಲಿಕೆಯಿಂದ. ಗೋಲಿನ ಬಾಯಲ್ಲೇ, ಗೋಲ್‌ಕೀಪರ್‌ನಿಂದ ಎರಡು ಹೆಜ್ಜೆ ಈಚೆಗೆ ನಿಂತು ಚೆಂಡನ್ನು ಒಳಕ್ಕೆ ತಳ್ಳಿದ ಆಟಗಾರನೂ 'ಅಟ್ ದಿ ಫಾರ್ ಪೋಸ್ಟ್' ಇದ್ದವನೇ. ಅಲ್ಲಿ ನೋಡುವ ಜಾಗ ಪ್ರೇಕ್ಷಕರದ್ದೂ ಅಲ್ಲ, ಆಟಗಾರನದ್ದೂ ಅಲ್ಲ, ಚೆಂಡಿನದ್ದು.

ಚಂದ್ರನ ಉದಾಹರಣೆ ಇದಕ್ಕಿಂತ ದೊಡ್ಡದು, ಅಲ್ಲಿ ಆಗಿರುವ ಗೊಂದಲವೂ ದೊಡ್ಡದು. ಚಂದ್ರ ಭೂಮಿಯನ್ನು ಒಂದು ಸುತ್ತು ಬರಲು ತೆಗೆದುಕೊಳ್ಳುವ ಸುಮಾರು 27.3 ದಿನಗಳಲ್ಲೇ ತನ್ನ ಸುತ್ತಲೂ ಒಮ್ಮೆ ತಿರುಗುವುದರಿಂದ, ಅದರ ಒಂದೇ ಮುಖ ಸದಾ ನಮ್ಮ ಕಡೆಗಿರುತ್ತದೆ. ನಮಗೆ ಕಾಣದ ಇನ್ನೊಂದು ಮುಖವೇ 'ದಿ ಫಾರ್ ಸೈಡ್ ಆಫ್ ದಿ ಮೂನ್'. ಭೂಮಿಯಿಂದ ಚಂದ್ರನಿಗಿರುವ ಸರಾಸರಿ ಅಂತರ 3,84,400 ಕಿಲೋಮೀಟರ್. ಚಂದ್ರನ ವ್ಯಾಸ ಸುಮಾರು 3,474 ಕಿಲೋಮೀಟರ್. ಈಚೆ ಮುಖದ ನಡುಬಿಂದುವಿಗಿಂತ ಆಚೆ ಮುಖದ ನಡುಬಿಂದು ನಮಗೆ ಶೇಕಡಾ 1ರಷ್ಟೂ ಹೆಚ್ಚು ದೂರದಲ್ಲಿಲ್ಲ. ಆದರೂ ಒಂದು ನಿಯರ್, ಇನ್ನೊಂದು ಫಾರ್. ಇದನ್ನು 'ಚಂದ್ರನ ದೂರದ ಭಾಗ' ಎಂದು ಅನುವಾದಿಸಿದಾಗ ಓದುಗರ ಮನಸ್ಸಿನಲ್ಲಿ ಮೂಡುವ ಚಿತ್ರ ಬೇರೆಯೇ ಆಗಿರುತ್ತದೆ; 'ಚಂದ್ರನ ಆಚೆ ಮಗ್ಗುಲು' ಎಂದರೆ ಹೇಳಬೇಕಾದದ್ದು ಹೇಳಿದಂತಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಇದೇ ಮಗ್ಗುಲಿಗೆ ಇಂಗ್ಲಿಷಿನ ಆಡುಮಾತಿನಲ್ಲಿ 'ಡಾರ್ಕ್ ಸೈಡ್' ಎಂಬ ಹೆಸರೂ ಇದೆ, ಅದು ಮಾತ್ರ ಶುದ್ಧ ತಪ್ಪುದಾರಿಗೆಳೆಯುವ ಹೆಸರು. ಅಲ್ಲಿ ಕತ್ತಲೆಯೇನೂ ನೆಲೆಸಿಲ್ಲ. ಈಚೆ ಮಗ್ಗುಲಿನಂತೆ ಅಲ್ಲಿಯೂ ಸುಮಾರು ಎರಡು ವಾರ ಹಗಲು, ಎರಡು ವಾರ ಇರುಳು. ನಮಗೆ ಅಮಾವಾಸ್ಯೆಯಾದ ಹೊತ್ತಿನಲ್ಲಿ ಆ ಮಗ್ಗುಲಿಗೆ ತುಂಬು ಬಿಸಿಲು. ಆ ಹೆಸರಿನಲ್ಲಿರುವ ಕತ್ತಲೆ ಬೆಳಕಿನ ಕೊರತೆಯದ್ದಲ್ಲ, ತಿಳಿವಳಿಕೆಯ ಕೊರತೆಯದ್ದು. 1959ರ ಅಕ್ಟೋಬರ್ 7ರಂದು ಸೋವಿಯತ್ ಒಕ್ಕೂಟದ ಲೂನಾ 3 ನೌಕೆ ಮೊದಲ ಛಾಯಾಚಿತ್ರಗಳನ್ನು ತೆಗೆಯುವವರೆಗೂ ಅದು ಹೇಗಿದೆ ಎಂದು ಯಾರೂ ಕಂಡಿರಲಿಲ್ಲ. 1968ರ ಡಿಸೆಂಬರಿನಲ್ಲಿ ಅಪೊಲೊ 8ರ ಮೂವರು ಗಗನಯಾತ್ರಿಗಳು ಅದನ್ನು ಕಣ್ಣಾರೆ ಕಂಡ ಮೊದಲಿಗರಾದರು. 2019ರ ಜನವರಿ 3ರಂದು ಚೀನಾದ ಚಾಂಗ್'ಎ 4 ಅಲ್ಲಿ ಇಳಿದಾಗ, ಭೂಮಿಯೊಂದಿಗೆ ಮಾತಾಡಲು ಅದಕ್ಕೆ ಇನ್ನೊಂದು ಉಪಗ್ರಹದ ಮಧ್ಯಸ್ಥಿಕೆ ಬೇಕಾಯಿತು. ಆ ಮಗ್ಗುಲು ಬಹಳ ದೂರವಿದೆ ಎಂದಲ್ಲ, ಅದು ಆಚೆಗಿದೆ, ನಡುವೆ ಇಡೀ ಚಂದ್ರನೇ ಅಡ್ಡ ಕುಳಿತಿದೆ ಎಂಬ ಕಾರಣಕ್ಕೆ.

ಪದದ ಹುಟ್ಟನ್ನು ಹುಡುಕಿದರೂ ಇದೇ 'ಆಚೆ' ಎದುರಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ 'ಫೆಯೊರ್'. ಅದಕ್ಕೂ ಹಿಂದಿನ ಇಂಡೋ-ಯುರೋಪಿಯನ್ ಮೂಲವು 'ಮುಂದಕ್ಕೆ', 'ದಾಟಿ' ಎಂಬ ಅರ್ಥಗಳುಳ್ಳ 'ಪೆರ್' ಎಂಬ ಧಾತು. ಸಂಸ್ಕೃತದ 'ಪರ' ಇದೇ ಕುಟುಂಬದ್ದು. ನಾವು ದಿನವೂ ಬಳಸುವ 'ಪರಲೋಕ', 'ಪರದೇಶ', 'ಪರಂಪರೆ'ಗಳಲ್ಲಿರುವ 'ಪರ'ವೂ, ಇಂಗ್ಲಿಷರ 'ಫಾರ್' ಕೂಡ ಒಂದೇ ಬೇರಿನ ಎರಡು ಚಿಗುರುಗಳು. ಸಂಸ್ಕೃತದಲ್ಲಿ 'ಪ' ಉಳಿದುಕೊಂಡ ಕಡೆ ಇಂಗ್ಲಿಷ್ ಸೇರಿದ ಜರ್ಮನಿಕ್ ಭಾಷೆಗಳಲ್ಲಿ 'ಫ' ಬರುತ್ತದೆ ಎಂಬ ನಿಯಮವನ್ನು 1822ರಲ್ಲಿ ಜರ್ಮನ್ ಭಾಷಾಶಾಸ್ತ್ರಜ್ಞ ಯಾಕೋಬ್ ಗ್ರಿಮ್ ವಿವರವಾಗಿ ಪ್ರತಿಪಾದಿಸಿದ. ಪಿತೃ–ಫಾದರ್, ಪಾದ–ಫುಟ್, ಪಂಚ–ಫೈವ್, ಪೂರ್ಣ–ಫುಲ್ ಜೋಡಿಗಳು ಅದಕ್ಕೆ ಹಳೆಯ ಸಾಕ್ಷಿಗಳು. ಇಂಗ್ಲಿಷ್ ಪದ ಸಂಸ್ಕೃತದಿಂದ ಹೋಯಿತೆಂದು ಇದರ ಅರ್ಥವಲ್ಲ, ಎರಡೂ ಒಂದೇ ತಾತನ ಮೊಮ್ಮಕ್ಕಳು ಎಂದಷ್ಟೇ. ಪರಲೋಕ ಎಷ್ಟು ಮೈಲಿ ದೂರವೆಂದು ಯಾರೂ ಕೇಳುವುದಿಲ್ಲ. ಅದು ಇಹದ ಆಚೆಗಿರುವುದು, ಅಷ್ಟೇ. ನದಿಯ ಆಚೆ ದಡಕ್ಕೆ ಸಂಸ್ಕೃತದಲ್ಲಿ 'ಪಾರ' ಎಂಬ ಹೆಸರಿದೆ. ನಮ್ಮಲ್ಲಿ ಕಷ್ಟದಿಂದ ಪಾರಾದವರು ಹೋಗಿ ಮುಟ್ಟಿದ್ದು ಅಂಥದೇ ದಡವನ್ನು.

ಎರಡು ಬದಿಗಳಿರುವ ವಸ್ತುವಿನಿಂದ ಒಂದು ಹೆಜ್ಜೆ ಮುಂದೆ ಹೋಗಿ, ಸಾಲು ಅಥವಾ ಮಾಪಕವೊಂದರ ತುತ್ತತುದಿಯನ್ನು ಸೂಚಿಸಲೂ 'ಫಾರ್' ಬಳಕೆಯಾಗುತ್ತದೆ. ಗುಂಪು ಚಿತ್ರದ ಕೆಳಗೆ 'ಫಾರ್ ಲೆಫ್ಟ್' ಎಂದಿದ್ದರೆ ಎಡತುದಿಯಲ್ಲಿರುವವರು ಎಂದರ್ಥ. ರಾಜಕೀಯದಲ್ಲಿ 'ಫಾರ್ ರೈಟ್', 'ಫಾರ್ ಲೆಫ್ಟ್' ಎಂದರೆ ತೀವ್ರ ಬಲ ಮತ್ತು ತೀವ್ರ ಎಡ. 1789ರ ಫ್ರೆಂಚ್ ರಾಷ್ಟ್ರೀಯ ಸಭೆಯಲ್ಲಿ ದೊರೆಯ ಪರವಿದ್ದವರು ಅಧ್ಯಕ್ಷರ ಬಲಕ್ಕೂ, ವಿರೋಧಿಗಳು ಎಡಕ್ಕೂ ಕುಳಿತದ್ದರಿಂದ ಹುಟ್ಟಿದ ಈ ಕುರ್ಚಿ ಲೆಕ್ಕದಲ್ಲಿ ನೋಡುವ ಜಾಗ ಸಭೆಯ ನಡುವಿನದ್ದು. ಭೌತವಿಜ್ಞಾನದಲ್ಲಿ ನೋಡುವ ಜಾಗ ಗೋಚರ ಬೆಳಕಿನದ್ದು. ಕೆಂಪು ಬಣ್ಣದ ಅಂಚು ದಾಟಿದೊಡನೆ ಸಿಗುವುದು 'ನಿಯರ್ ಇನ್‌ಫ್ರಾರೆಡ್'. ತರಂಗಾಂತರ ಹಿಗ್ಗುತ್ತಾ ಹತ್ತಾರು, ನೂರಾರು ಮೈಕ್ರೊಮೀಟರ್ ಮುಟ್ಟಿದಾಗ ಅದು 'ಫಾರ್ ಇನ್‌ಫ್ರಾರೆಡ್'. ಇತ್ತ ನೇರಳೆಯ ಅಂಚನ್ನು ದಾಟಿದರೆ ತರಂಗಾಂತರ ಕುಗ್ಗುತ್ತಾ ಹೋಗಿ 200 ನ್ಯಾನೊಮೀಟರ್‌ಗಿಂತ ಕೆಳಗೆ 'ಫಾರ್ ಅಲ್ಟ್ರಾವಯಲೆಟ್' ಸಿಗುತ್ತದೆ. ಒಂದು 'ಫಾರ್' ಹಿಗ್ಗುವ ಕಡೆಗೆ, ಇನ್ನೊಂದು ಕುಗ್ಗುವ ಕಡೆಗೆ. ನಡುವೆ ನಿಂತು ಎರಡೂ ಕಡೆ ನೋಡುತ್ತಿರುವುದು ನಮ್ಮ ಕಣ್ಣು.

ನೋಡುವ ಜಾಗ ಯಾರದ್ದು ಎಂಬುದು ಭೂಪಟದಲ್ಲಿ ಜಗಳಕ್ಕೂ ಕಾರಣವಾಗಬಹುದು. 'ಫಾರ್ ಈಸ್ಟ್' ಎಂಬುದು ಯುರೋಪಿನಲ್ಲಿ ನಿಂತವರು ಇಟ್ಟ ಹೆಸರು. ಅವರಿಗೆ ಹತ್ತಿರದ ಪೂರ್ವ 'ನಿಯರ್ ಈಸ್ಟ್'. ಅದರ ಮತ್ತು 'ಫಾರ್ ಈಸ್ಟ್' ನಡುವೆ 'ಮಿಡಲ್ ಈಸ್ಟ್' ಎಂಬುದನ್ನು 1902ರಲ್ಲಿ ಅಮೆರಿಕದ ನೌಕಾ ಚಿಂತಕ ಆಲ್ಫ್ರೆಡ್ ಥೇಯರ್ ಮಹಾನ್ ಚಲಾವಣೆಗೆ ತಂದ. 1939ರಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ರಾಬರ್ಟ್ ಮೆಂಜಿಸ್, ಬ್ರಿಟನ್ ಯಾವುದನ್ನು 'ಫಾರ್ ಈಸ್ಟ್' ಎನ್ನುತ್ತದೋ ಅದು ತಮಗೆ 'ನಿಯರ್ ನಾರ್ತ್' ಎಂದು ರೇಡಿಯೊದಲ್ಲಿ ಹೇಳಿದರು. ಒಂದೇ ವಾಕ್ಯದಲ್ಲಿ 'ಫಾರ್' ಹೋಗಿ 'ನಿಯರ್' ಬಂತು, 'ಪೂರ್ವ' ಹೋಗಿ 'ಉತ್ತರ' ಬಂತು. ಇದರಿಂದಾಗಿಯೇ ಈಗೀಗ ಅನೇಕರು 'ಪೂರ್ವ ಏಷ್ಯಾ' ಎಂಬ ನಿರಪೇಕ್ಷ ಹೆಸರನ್ನು ಬಯಸುತ್ತಾರೆ. ಕನ್ನಡದ 'ದೂರಪ್ರಾಚ್ಯ' ಎಂಬ ಅನುವಾದವಂತೂ ನಾವು ಯಾವ ಖಂಡದಲ್ಲಿ ನಿಂತಿದ್ದೇವೆ ಎಂಬುದನ್ನೇ ಮರೆತು ಮಾಡಿದ್ದು.

ಕಣ್ಣಿನ ಶಾಸ್ತ್ರದಲ್ಲಿ ಬರುವ 'ಫಾರ್ ಪಾಯಿಂಟ್' ಕೂಡ ಇಲ್ಲಿಯೇ ನೋಡಬೇಕಾದದ್ದು. ಸಲಕರಣೆಯ ನೆರವಿಲ್ಲದೆ ಕಣ್ಣು ಸ್ಪಷ್ಟವಾಗಿ ನೋಡಬಲ್ಲ ಅತಿ ಹತ್ತಿರದ ಜಾಗ 'ನಿಯರ್ ಪಾಯಿಂಟ್', ಅತಿ ಆಚೆಯ ಜಾಗ 'ಫಾರ್ ಪಾಯಿಂಟ್'. ಪಠ್ಯಪುಸ್ತಕಗಳಲ್ಲಿ ಇವು ಸಮೀಪ ಬಿಂದು ಮತ್ತು ದೂರ ಬಿಂದು. ದೋಷವಿಲ್ಲದ ಕಣ್ಣಿಗೆ ಸಮೀಪ ಬಿಂದು ಸುಮಾರು 25 ಸೆಂಟಿಮೀಟರ್, ದೂರ ಬಿಂದು ಅನಂತ. ಆದರೆ ಮೈನಸ್ 2 ಡಯಾಪ್ಟರ್ ಕನ್ನಡಕ ಬೇಕಾಗುವ ಸಮೀಪದೃಷ್ಟಿಯವರಿಗೆ ಆ 'ದೂರ' ಬಿಂದು ಮೂಗಿನ ಮುಂದೆ 50 ಸೆಂಟಿಮೀಟರಿಗೇ ಬಂದು ನಿಂತಿರುತ್ತದೆ, ಅಂದರೆ ಕೈ ಚಾಚಿದರೆ ಅದನ್ನು ದಾಟಿಯೇ ಬಿಡಬಹುದು. ಕಣ್ಣಿನ ಮಾತು ಬಂದದ್ದರಿಂದ 'ಫಾರ್‌ಸೈಟೆಡ್' ಪದವನ್ನೂ ಇಲ್ಲೇ ಮುಗಿಸಬಹುದು: ಅಮೆರಿಕದವರಿಗೆ ಅದು ಮುಂದಾಲೋಚನೆಯೂ ಹೌದು, ಹತ್ತಿರದ್ದು ಮಸುಕಾಗುವ ಕಣ್ಣಿನ ದೋಷವೂ ಹೌದು, ಬ್ರಿಟನ್ನಿನವರು ದೋಷಕ್ಕೆ 'ಲಾಂಗ್‌ಸೈಟೆಡ್' ಎಂದು ಬೇರೆ ಪದ ಇಟ್ಟುಕೊಂಡಿದ್ದಾರೆ. ಹೊಗಳಿಕೆಗೂ ದೋಷಕ್ಕೂ ಒಂದೇ 'ದೂರದೃಷ್ಟಿ'ಯನ್ನು ಬಳಸುವ ಕನ್ನಡ ಈ ವಿಷಯದಲ್ಲಿ ಅಮೆರಿಕದ ಪಕ್ಷ.

ಇಷ್ಟೂ ಹೊತ್ತು ಹೇಳಿದ್ದು ನಾಮಪದದ ಹಿಂದೆ ಬರುವ 'ಫಾರ್' ಕುರಿತು. ವಾಕ್ಯದ ಕೊನೆಯಲ್ಲಿ, ಅಂದರೆ 'ನಿಲ್ದಾಣ ದೂರ' ಎಂಬಂಥ ಹೇಳಿಕೆಯಲ್ಲಿ ಬಂದಾಗ ಅದು ನಿಜವಾಗಿಯೂ ದೂರವನ್ನೇ ಹೇಳುತ್ತದೆ. ಆದರೆ ಅಲ್ಲಿಯೂ ಒಂದು ವಿಚಿತ್ರ ಸಂಕೋಚವಿದೆ. 'ಈಸ್ ಇಟ್ ಫಾರ್?' ಎಂದು ಕೇಳಬಹುದು. 'ಇಟ್ ಈಸ್ನ್ಟ್ ಫಾರ್' ಎಂದು ಉತ್ತರಿಸಬಹುದು. 'ಇಟ್ಸ್ ಟೂ ಫಾರ್ ಟು ವಾಕ್' ಎಂದು ನಡೆಯಲು ಒಲ್ಲೆ ಎನ್ನಬಹುದು. ಬರಿದಾಗಿ 'ಇಟ್ ಈಸ್ ಫಾರ್' ಎನ್ನುವುದು ವ್ಯಾಕರಣದ ದೃಷ್ಟಿಯಿಂದ ತಪ್ಪಲ್ಲದಿದ್ದರೂ, ದೂರವೆಂದು ಒಪ್ಪಿಕೊಳ್ಳುವಾಗ ಅವರ ಬಾಯಲ್ಲಿ ಸಹಜವಾಗಿ ಬರುವುದು 'ಇಟ್ಸ್ ಎ ಲಾಂಗ್ ವೇ' ಎಂಬ ಮಾತು. ಪ್ರಶ್ನೆ, ನಿಷೇಧ, ಅತಿಶಯ ಇವುಗಳ ಆಸರೆ ಇದ್ದಾಗ ಮಾತ್ರ ನೆಟ್ಟಗೆ ನಿಲ್ಲುವ ಇಂಥ ಪದಗಳು ಇಂಗ್ಲಿಷಿನಲ್ಲಿ ಇನ್ನೂ ಇವೆ, 'ಮಚ್' ಅವುಗಳಲ್ಲಿ ಒಂದು. ಕನ್ನಡಕ್ಕೂ ಇದು ಅಪರಿಚಿತ ಗುಣವಲ್ಲ. 'ಅಷ್ಟೇನೂ ದೂರವಿಲ್ಲ' ಎನ್ನುತ್ತೇವೆ, 'ಅಷ್ಟೇನೂ ದೂರವಿದೆ' ಎಂದು ಯಾರೂ ಹೇಳುವುದಿಲ್ಲ. 'ಅಷ್ಟೇನೂ' ಎಂಬುದಕ್ಕೆ 'ಇಲ್ಲ' ಹೇಗೆ ಬೇಕೋ, 'ಫಾರ್' ಎಂಬುದಕ್ಕೂ ಹೆಚ್ಚುಕಡಿಮೆ ಹಾಗೆಯೇ ಒಂದು ಊರುಗೋಲು ಬೇಕು.

ಕನ್ನಡಿಗರ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಬರುವುದು ಅಳತೆಯ ಜಾಗದಲ್ಲಿ. 'ನಿಲ್ದಾಣ ಇಲ್ಲಿಂದ ಹತ್ತು ಕಿಲೋಮೀಟರ್ ದೂರ' ಎಂಬುದನ್ನು ಪದಕ್ಕೆ ಪದವಿಟ್ಟು 'ಟೆನ್ ಕಿಲೋಮೀಟರ್ಸ್ ಫಾರ್' ಎಂದುಬಿಡುತ್ತೇವೆ. ಅದು 'ಟೆನ್ ಕಿಲೋಮೀಟರ್ಸ್ ಅವೇ' ಎಂದಾಗಬೇಕು. ತಪ್ಪು ಮಾಡುವವರ ಪಕ್ಷದಲ್ಲೂ ಒಂದು ನ್ಯಾಯವಿದೆ: ಎತ್ತರ, ಆಳ, ಅಗಲ, ವಯಸ್ಸುಗಳನ್ನು ಹೇಳುವಾಗ ಇಂಗ್ಲಿಷ್ ಅಂಕಿಯ ಮುಂದೆ ವಿಶೇಷಣವನ್ನು ಇಡುತ್ತದೆ, 'ಸಿಕ್ಸ್ ಫೀಟ್ ಟಾಲ್', 'ತ್ರೀ ಫೀಟ್ ಡೀಪ್', 'ಟೆನ್ ಇಯರ್ಸ್ ಓಲ್ಡ್' ಎಲ್ಲವೂ ಸರಿ. 'ಹೌ ಫಾರ್?' ಎಂಬ ಪ್ರಶ್ನೆಯೂ ಸರಿ. ಪ್ರಶ್ನೆಯಲ್ಲಿದ್ದ ಪದ ಉತ್ತರದಲ್ಲಿ ಏಕೆ ಇರಬಾರದು ಎಂದು ಕೇಳಿದರೆ ಒಪ್ಪಿಸುವಂಥ ತರ್ಕವೇನೂ ಇಲ್ಲ. ಅಂಕಿಯನ್ನು ಹತ್ತಿರ ಸೇರಿಸದ ವಿಶೇಷಣಗಳ ಒಂದು ಗುಂಪಿದೆ, ಅದರಲ್ಲಿ 'ಫಾರ್' ಇದೆ, ತೂಕ ಹೇಳುವ 'ಹೆವಿ'ಯೂ ಇದೆ. ಎರಡು ಕಿಲೋ ತೂಗುವ ವಸ್ತುವನ್ನೂ ಅವರು 'ಟೂ ಕಿಲೋಸ್ ಹೆವಿ' ಎನ್ನುವುದಿಲ್ಲ. ಕನ್ನಡದ ವಾಕ್ಯದಲ್ಲಿ 'ಹತ್ತು ಕಿಲೋಮೀಟರ್' ಎಂಬುದು 'ದೂರ' ಎಂಬ ನಾಮಪದದ ಅಳತೆ, ಇಂಗ್ಲಿಷ್ ವಾಕ್ಯದಲ್ಲಿ ಅದು 'ಅವೇ' ಎಂಬ ಅಗಲಿಕೆಯ ಅಳತೆ.

ಹಾಗಾದರೆ ದೂರದ ಹಳ್ಳಿಗೆ ಏನೆನ್ನಬೇಕು? 'ಡಿಸ್ಟೆಂಟ್ ವಿಲೇಜ್' ಅಥವಾ 'ಫಾರ್‌ಅವೇ ವಿಲೇಜ್' ಎನ್ನಬಹುದು, ಎರಡನೆಯದರಲ್ಲಿ ತುಸು ಕಥೆಯ ಬಣ್ಣವಿದೆ. 'ರಿಮೋಟ್ ವಿಲೇಜ್' ಎಂದೂ ಹೇಳಬಹುದಾದರೂ ಅರ್ಥ ಬೇರೆಯಾಗುತ್ತದೆ. 'ಡಿಸ್ಟೆಂಟ್' ಬಂದದ್ದು 'ದೂರ ನಿಂತಿರು' ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ. ಅದರಲ್ಲಿರುವ 'ಸ್ಟಾ' ಧಾತುವೂ ಸಂಸ್ಕೃತದ 'ಸ್ಥಾ' ಧಾತುವೂ ಸೋದರರಾದ್ದರಿಂದ 'ದೂರಸ್ಥ' ಎಂಬ ನಮ್ಮ ಪದ ಅದಕ್ಕೆ ರಕ್ತಸಂಬಂಧಿಯೇ ಸರಿ. 'ರಿಮೋಟ್' ಎಂದರೆ 'ಹಿಂದಕ್ಕೆ ಸರಿಸಲ್ಪಟ್ಟದ್ದು'. ಡಿಸ್ಟೆಂಟ್ ಆಗಿರುವುದು ನೋಡುವವರಿಂದ. ರಿಮೋಟ್ ಆಗಿರುವುದು ನಡುವಿನಿಂದ, ಜನದಟ್ಟಣೆಯಿಂದ, ರಸ್ತೆಯಿಂದ. ಈ ವ್ಯತ್ಯಾಸವನ್ನು ಪರೀಕ್ಷಿಸಲು ಸುಲಭದ ದಾರಿ, ಹಳ್ಳಿಯಲ್ಲೇ ಇರುವವರ ಬಾಯಲ್ಲಿ ಆ ಮಾತನ್ನು ಇಟ್ಟು ನೋಡುವುದು. 'ಐ ಲಿವ್ ಇನ್ ಎ ರಿಮೋಟ್ ವಿಲೇಜ್' ಎಂದು ಅವರು ಧಾರಾಳವಾಗಿ ಹೇಳಬಹುದು. ತಾವಿರುವ ಹಳ್ಳಿ ತಮಗೆ ದೂರವಾಗಲಾರದ ಕಾರಣ 'ಐ ಲಿವ್ ಇನ್ ಎ ಡಿಸ್ಟೆಂಟ್ ವಿಲೇಜ್' ಎಂದರೆ ನಗೆಪಾಟಲು. ಕನ್ನಡದಲ್ಲಿ ಮೊದಲನೆಯದು 'ಮೂಲೆಯ ಹಳ್ಳಿ', ಎರಡನೆಯದು 'ದೂರದ ಹಳ್ಳಿ'.

ಬಂಧುತ್ವದಲ್ಲಿ 'ಡಿಸ್ಟೆಂಟ್ ರಿಲೇಟಿವ್' ನಮ್ಮ 'ದೂರದ ಸಂಬಂಧಿ'ಗೆ ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ ಹೊಂದುತ್ತದೆ. ಆದರೆ 'ಶಿ ವಾಸ್ ಡಿಸ್ಟೆಂಟ್' ಎಂಬಲ್ಲಿ 'ಆಕೆ ದೂರವಿದ್ದಳು' ಎಂದು ಬರೆದರೆ ಓದುಗರು ಆಕೆಯ ಊರನ್ನು ಹುಡುಕತೊಡಗುತ್ತಾರೆ. ಅಲ್ಲಿ ಬೇಕಾದದ್ದು 'ಆಕೆ ಮುಖಕೊಟ್ಟು ಮಾತಾಡಲಿಲ್ಲ' ಎಂಬಂಥ ಮಾತು. ಕಾಲದ ವಿಷಯದಲ್ಲಿ 'ಡಿಸ್ಟೆಂಟ್ ಪಾಸ್ಟ್' ಎಂದರೆ ಬಹಳ ಹಿಂದಿನ ಕಾಲ, ಸಾಧ್ಯತೆಯ ವಿಷಯದಲ್ಲಿ 'ರಿಮೋಟ್ ಚಾನ್ಸ್' ಎಂದರೆ ಇಲ್ಲವೆನ್ನುವಷ್ಟು ಕಡಿಮೆ. ಇವೆರಡೂ ಜಾಗಗಳಲ್ಲಿ 'ಫಾರ್' ಹೆಚ್ಚಾಗಿ ಕಾಣಿಸಿಕೊಳ್ಳುವುದಿಲ್ಲ.

ತರ ತಮ ರೂಪಗಳ ವಿಷಯದಲ್ಲಿ 'ಫಾರ್ದರ್' ಮತ್ತು 'ಫರ್ದರ್' ಎಂಬ ಎರಡು ರೂಪಗಳಿವೆ. ಭೌತಿಕ ದೂರಕ್ಕೆ ಮೊದಲನೆಯದು, ಉಳಿದುದಕ್ಕೆಲ್ಲ ಎರಡನೆಯದು ಎಂದು ವ್ಯಾಕರಣದ ಕೈಪಿಡಿಗಳು ಹೇಳುತ್ತವೆ, ಅಮೆರಿಕದ ಸಂಪಾದಕರು ಇದನ್ನು ಸಾಕಷ್ಟು ಪಾಲಿಸುತ್ತಾರೆ, ಬ್ರಿಟನ್ನಿನವರು ಎರಡಕ್ಕೂ 'ಫರ್ದರ್' ಎಂದೇ ಬರೆದು ನಿಶ್ಚಿಂತರಾಗಿರುತ್ತಾರೆ. ಚರಿತ್ರೆ ಬ್ರಿಟನ್ನಿನವರ ಕಡೆಗಿದೆ. 'ಫರ್ದರ್' ಹಳೆಯದು, ಅದು ಮೂಲತಃ 'ಫಾರ್' ಪದದ ರೂಪವೇ ಅಲ್ಲ, 'ಮುಂದಕ್ಕೆ' ಎಂಬರ್ಥದ ಬೇರೊಂದು ಪದದ ತರರೂಪ. 'ಫಾರ್ದರ್' ಅದರದ್ದೇ ಮಾರ್ಪಾಡಾಗಿ ನಂತರ ಹುಟ್ಟಿತು. 'ಫಾರ್' ಪದಕ್ಕೆ ನಿಜವಾಗಿ ಇದ್ದ 'ಫಾರರ್' ಎಂಬ ತರರೂಪವನ್ನು ಇವೆರಡೂ ಸೇರಿ ಹೊರದೂಡಿದವು. ಒಂದು ಕಡೆ ಮಾತ್ರ ಆಯ್ಕೆಯಿಲ್ಲ: 'ಇನ್ನಷ್ಟು', 'ಮುಂದಿನ' ಎಂಬ ಅರ್ಥದಲ್ಲಿ ಬರುವ 'ಫರ್ದರ್ ಇನ್ಫರ್ಮೇಶನ್', 'ಅಂಟಿಲ್ ಫರ್ದರ್ ನೋಟಿಸ್' ಮುಂತಾದವುಗಳಲ್ಲಿ 'ಫಾರ್ದರ್' ಎಂದು ಬರೆದರೆ ತಪ್ಪಾಗುತ್ತದೆ.

'ಫಾರ್ ಫ್ರಮ್' ಎಂಬ ಜೋಡಣೆ ಅನುವಾದಕರನ್ನು ಕಾಡುವಂಥದು. 'ದಿ ಮ್ಯಾಟರ್ ಈಸ್ ಫಾರ್ ಫ್ರಮ್ ಸೆಟಲ್ಡ್' ಎಂಬುದನ್ನು 'ವಿಷಯವು ಇತ್ಯರ್ಥದಿಂದ ದೂರವಿದೆ' ಎಂದು ಬರೆದದ್ದನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಅದು ಕನ್ನಡ ಪದಗಳನ್ನು ತೊಟ್ಟ ಇಂಗ್ಲಿಷ್. 'ಇತ್ಯರ್ಥವಾಗುವುದು ಇನ್ನೂ ದೂರದ ಮಾತು' ಎಂದರೆ ದೂರವನ್ನು ಬಿಟ್ಟುಕೊಡದೆಯೂ ಕನ್ನಡವಾಗುತ್ತದೆ. 'ಫಾರ್ ಫ್ರಮ್ ಹೆಲ್ಪಿಂಗ್' ಎಂದು ವಾಕ್ಯ ಆರಂಭವಾದರೆ 'ಸಹಾಯವಾಗುವುದು ಒತ್ತಟ್ಟಿಗಿರಲಿ' ಎಂಬ ಮಾತು ನಮ್ಮಲ್ಲಿ ಸಿದ್ಧವಾಗಿಯೇ ಇದೆ. ಇಂಗ್ಲಿಷ್ ದೂರಕ್ಕೆ ತಳ್ಳುವುದನ್ನು ಕನ್ನಡ ಪಕ್ಕಕ್ಕೆ ಸರಿಸುತ್ತದೆ. 'ಫಾರ್-ಫೆಚ್ಡ್' ಎಂಬ ಪದ ಮೂಲದಲ್ಲಿ 'ದೂರದಿಂದ ತಂದದ್ದು' ಎಂದಷ್ಟೇ ಆಗಿದ್ದು, ಈಗ ನಂಬಲು ಕಷ್ಟವಾದುದನ್ನು ಹೇಳುತ್ತದೆ. ನಾವು ಅದನ್ನೇ 'ಎಳೆದು ತಂದ ಹೋಲಿಕೆ' ಎನ್ನುತ್ತೇವೆ.

ನಾಮಪದದ ಹಿಂದೆ ಬಂದೂ 'ದೂರದ' ಎಂಬ ಅರ್ಥವನ್ನೇ ಉಳಿಸಿಕೊಂಡ 'ಫಾರ್' ಒಂದು ಕಾಲದಲ್ಲಿ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿತ್ತು. 1611ರ ಬೈಬಲ್ ಅನುವಾದದಲ್ಲಿ ಪಾಲು ತೆಗೆದುಕೊಂಡು ಮನೆ ಬಿಟ್ಟ ಕಿರಿಯ ಮಗ ಹೋಗುವುದು 'ಎ ಫಾರ್ ಕಂಟ್ರಿ'ಗೆ. ಇಂದು ಆ ಬಳಕೆ ಬಹುಮಟ್ಟಿಗೆ ಕಾವ್ಯಕ್ಕೂ ಕೆಲವು ನುಡಿಗಟ್ಟುಗಳಿಗೂ ಸೀಮಿತವಾಗಿದೆ. ಅವುಗಳಲ್ಲಿ ಇಂದಿಗೂ ಜೀವಂತವಾಗಿರುವುದು 'ಎ ಫಾರ್ ಕ್ರೈ'. ಒಂದು ಸಂಗತಿ ಇನ್ನೊಂದಕ್ಕಿಂತ ತೀರಾ ಬೇರೆಯಾಗಿದೆ ಎಂದು ಹೇಳಲು ಬಳಸುವ ಈ ಮಾತಿನಲ್ಲಿ 'ಕ್ರೈ' ಎಂದರೆ ಅಳುವಲ್ಲ, ಕೂಗು. ಒಂದು ಕೂಗು ಎಷ್ಟು ದೂರ ಕೇಳಿಸುತ್ತದೋ ಅಷ್ಟು ಎಂಬ ಹಳೆಯ ಅಳತೆ ಅದರಲ್ಲಿ ಅಡಗಿದೆ. ಅದೇ ಅಳತೆ ಸಂಸ್ಕೃತದ 'ಕ್ರೋಶ'ದಲ್ಲಿಯೂ ಇದೆ: ಮೈಲಿ, ಕಿಲೋಮೀಟರುಗಳಿಗಿಂತ ಮೊದಲು ದಾರಿಯ ಅಳತೆಯಾಗಿದ್ದ ಆ ಪದದ ಮೂಲ ಅರ್ಥ ಕೂಗು ಎಂದೇ, 'ಆಕ್ರೋಶ'ದಲ್ಲಿರುವುದೂ ಅದೇ. ಕನ್ನಡಕ್ಕೆ ತನ್ನದೇ ಆದ 'ಕೂಗಳತೆ' ಇದೆ. ವ್ಯತ್ಯಾಸವಿರುವುದು ಕೂಗು ಕೇಳಿಸುತ್ತದೆಯೇ ಎಂಬುದರಲ್ಲಿ: ಕೂಗಳತೆಯಲ್ಲಿರುವ ಮನೆ ಕರೆದರೆ ಓಗೊಡುವಷ್ಟು ಹತ್ತಿರ, 'ಎ ಫಾರ್ ಕ್ರೈ' ಆಗಿರುವುದು ಎಷ್ಟು ಕೂಗಿದರೂ ಕಿವಿಗೆ ಬೀಳದಷ್ಟು ಆಚೆ.